ಅಪ್ಪನ ಬ್ಲಾಗಿಗೆ ಹುಡುಕಿದ ತಂತ್ರಾಂಶ

ಪ್ರೀತಿಯ ಅಪ್ಪನಿಗೆ,

ನಿಮ್ಮ ಗಡಿಯಾರ ರಿಪೇರಿಯ ಬ್ಲಾಗಿಗಾಗಿ ಈ ವಾರ ಮೂರು ತಂತ್ರಾಂಶಗಳನ್ನು ಬಳಸಿ ನೋಡಿದೆ. ಒಂದು, ಇಂಟರ್ನೆಟ್ ಇಲ್ಲದಿದ್ದರೆ ಮುನಿಸಿಕೊಂಡು ಕೂರುತ್ತದೆ. ಇನ್ನೊಂದು ಫೋಟೊಗಳನ್ನು ಎಷ್ಟು ಕುಗ್ಗಿಸುತ್ತದೆಂದರೆ, ಹಲ್ಲುಚಕ್ರದ ಸವೆತ ಕಾಣುವುದೇ ಇಲ್ಲ. ಮೂರನೆಯದನ್ನು ಈ ಪೆನ್‌ಡ್ರೈವಿನಲ್ಲಿ ಹಾಕಿದ್ದೇನೆ. ಅದರಲ್ಲಿ ಬರೆದದ್ದು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ; ನೀವು ಗುಂಡಿ ಒತ್ತಿದಾಗ ನೇರ ಬ್ಲಾಗಿಗೆ ಹೋಗುತ್ತದೆ.

ಅದನ್ನು ಪರೀಕ್ಷಿಸಲೆಂದು, ನೀವು ಕೈಯಲ್ಲಿ ಬರೆದು ಕೊನೆಯ ಬಾರಿ ಕಳಿಸಿದ ಹಾಳೆಗಳನ್ನು ನಿನ್ನೆ ಇದ್ದಂತೆಯೇ ಟೈಪ್ ಮಾಡಿದೆ. “ಈ ಗಡಿಯಾರ ಮಧ್ಯಾಹ್ನ ಮಾತ್ರ ಯಾಕೆ ನಿಧಾನ ಆಗುತ್ತೋ, ನಂಗಿನ್ನೂ ಗೊತ್ತಿಲ್ಲ” ಎಂದು ಮುಗಿಸಿದ್ದಿರಿ. ಅಂದು ಬ್ಲಾಗಿಗೆ ಹಾಕುವಾಗ ನಾನು ಆ ಸಾಲನ್ನು ಕತ್ತರಿಸಿ, ಉಳಿದದ್ದನ್ನೂ ತಿದ್ದಿದ್ದೆ. ‘ಗೊತ್ತಿಲ್ಲ’ ಎಂದರೆ ಸೊನ್ನೆ ಅಂಕ ಎಂಬ ಶಾಲೆಯ ಭಯ ನನಗಿನ್ನೂ ಹೋಗಿಲ್ಲವೇನೋ. ಅಚ್ಚುಕಟ್ಟಾದ ಆ ಬರಹ ಓದಿ ನೀವು ಫೋನ್ ಮಾಡಿ, “ಚೆನ್ನಾಗಿದೆ ಕಣಮ್ಮ, ಯಾರು ಬರೆದಿದ್ದು?” ಎಂದಿರಿ. ತಮಾಷೆಯೆಂದುಕೊಂಡು ನಾನು ನಕ್ಕುಬಿಟ್ಟೆ. ಆಮೇಲೆ ಎಂಟು ತಿಂಗಳು ನೀವು ಒಂದು ಹಾಳೆಯನ್ನೂ ಕಳಿಸಲಿಲ್ಲ.

ನಿನ್ನೆಯಿಂದ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿದೆ: ಮಧ್ಯಾಹ್ನವೇ ಯಾಕೆ?

ಮತ್ತೆ ಬರೆಯಿರಿ. ನನಗೆ ಮೊದಲು ತೋರಿಸಬೇಡಿ. ಬೇರೆಯವರು ಓದುವಾಗಲೇ ನಾನೂ ಓದುತ್ತೇನೆ.

ನಿಮ್ಮ
ಮಗಳು