ಮೇಜಿನ ಕೆಳಗಿನ ಕಾಲು

ಲಾಯರಮ್ಮಾ,

ನೀನು ಓದುವುದಿಲ್ಲವೆಂದು ಗೊತ್ತಿರುವುದರಿಂದ ಕುಶಲೋಪರಿ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಅದು ನನ್ನಿಂದ ಆಗದ ಕೆಲಸ ಎಂದು ನೀನು ನಗುತ್ತಿದ್ದೆ.

ಕಾಲೋನಿಯ ಆಸ್ಪತ್ರೆಯನ್ನು ಹೆದ್ದಾರಿಯಾಚೆಗೆ ಒಯ್ಯುವ ಬಗ್ಗೆ ಇಂದು ನಗರಸಭೆಯಲ್ಲಿ ಅಹವಾಲು ಸಭೆ ಇತ್ತು. ಸಮಾಜಶಾಸ್ತ್ರದ ನನ್ನ ವಿದ್ಯಾರ್ಥಿಗಳೂ ಬಂದಿದ್ದರು. ಮಾತಿಗೆ ಎದ್ದವಳು ಎಂದಿನಂತೆ ನಗರಗಳ ಹುಟ್ಟಿನಿಂದಲೇ ಹೊರಟೆ. ಅಧಿಕಾರಿ ಆಕಳಿಸಿದರು. ನನ್ನ ಹುಡುಗರೇ ಮೊಬೈಲ್ ತೆಗೆದರು. ಹೀಗಾದಾಗಲೆಲ್ಲ ನೀನು ಪಕ್ಕದಲ್ಲಿ ಕೂತು ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದೆಯಲ್ಲ, ಇಂದು ಕಾಲು ತಾನಾಗಿಯೇ ಹಿಂದಕ್ಕೆ ಸರಿಯಿತು. ನೋಡಿದರೆ ಪಕ್ಕದ ಕುರ್ಚಿಯಲ್ಲಿದ್ದದ್ದು ನನ್ನ ಚೀಲ. ಅರ್ಧ ವಾಕ್ಯಕ್ಕೇ ನಿಲ್ಲಿಸಿ ಕೂತುಬಿಟ್ಟೆ.

ಹಿಂದಿನ ಸಾಲಿನಿಂದ ಕಾಲೋನಿಯ ಟೈಲರ್ ಎದ್ದಳು. ತುಂಬು ಬಸುರಿ.

"ರಾತ್ರಿ ನೋವು ಬಂದ್ರೆ ಆ ರಸ್ತೆ ಹೇಗೆ ದಾಟ್ಲಿ ಸಾರ್? ನೀವೇ ಒಂದ್ಸಲ ನನ್ ಜೊತೆ ದಾಟಿ ನೋಡಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. ನಾಳೆ ಬರುತ್ತಾರಂತೆ, ದಾಟುವುದಕ್ಕೆ.

ಹೊರಗೆ ಬಂದಮೇಲೆ ಅವಳು ಕೇಳಿದಳು, "ಯಾಕೆ ಮೇಡಂ, ಅರ್ಧಕ್ಕೇ ನಿಲ್ಸಿಬಿಟ್ರಿ?"

"ಕಾಲು ಜೋಮು ಹಿಡೀತು ಕಣೇ" ಎಂದೆ.

ಕೊನೆಯ ಸಲ ನೀನು ತುಳಿದಾಗ ಎಲ್ಲರೆದುರು ನಾನು ಏನಂದೆನೋ ಅದನ್ನು ಇಲ್ಲಿ ಬರೆಯುವುದಿಲ್ಲ. ನಿನಗೆ ನೆನಪಿದ್ದೇ ಇರುತ್ತದೆ; ಅಂದಿನಿಂದ ನೀನು ನನ್ನ ಪಕ್ಕ ಕೂತಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟೆ. ಅಷ್ಟು ಹೊತ್ತು ಸಭೆಯಲ್ಲಿ ಕೂತು ಬಂದರೂ ಅದರ ಮೇಲೆ ನೀನು ತುಳಿದ ಧೂಳಿರಲಿಲ್ಲ. ಆದರೂ ಒರೆಸಿಟ್ಟೆ.