ಒಂದೇ ಮೊಳೆಯ ಬೈರಾಸು

ಕಳವಾ, ಜೂನ್ 2014

ವಸಂತಕುಮಾರ ರಾಯರಿಗೆ ಸಂಕರ್ಷಣನ ನಮಸ್ಕಾರ.

ನಾನು ಜೈಲಿನಿಂದ ಬಿಡುಗಡೆಯಾದ ಸುದ್ದಿ ಮಾಜಿವಾಡಾದ ನಿಮ್ಮ ಹೋಟೆಲಿಗೂ ಮುಟ್ಟಿರಬಹುದು. ಈಗ ಅಕ್ಕ ರಮಾಮಣಿಯ ಖೋಲಿಯಲ್ಲಿದ್ದೇನೆ.

ನಮ್ಮ ಅಡುಗೆ ಭಟ್ರ ಕೊಲೆಯಾದಾಗ ಹೋಟೆಲಿನ ಹಿತ್ತಲಲ್ಲಿ ಸಿಕ್ಕಿ, ನನ್ನನ್ನು ಜೈಲಿಗೆ ಕಳಿಸಿದ ರಕ್ತದ ಬೈರಾಸನ್ನು ಹೊಸ ವಕೀಲರು ಡಿಎನ್‌ಎ ಪರೀಕ್ಷೆಗೆ ಕಳಿಸಿದ್ದರು. ಅದರಲ್ಲಿ ಐದಾರು ಜನರ ಬೆವರಿತ್ತಂತೆ. ಭಟ್ರ ಉಗುರಿನಲ್ಲಿದ್ದ ಚರ್ಮ ಮಾತ್ರ ಒಬ್ಬನದೇ. ಅವನು ನಾನಲ್ಲ. ಯಾರೆಂದು ಇನ್ನೂ ತಿಳಿದಿಲ್ಲ.

ಒಂದು ಬೈರಾಸಿನಲ್ಲಿ ಅಷ್ಟು ಜನರ ಬೆವರು ಹೇಗೆ ಎಂದು ಜಡ್ಜ್ ಸಾಹೇಬರಿಗೆ ಆಶ್ಚರ್ಯ. ನಮ್ಮಲ್ಲಿ ಎಲ್ಲರ ಬೈರಾಸೂ ಒಂದೇ ಮೊಳೆಗೆ, ಕೈಗೆ ಸಿಕ್ಕಿದ್ದು ಹೆಗಲಿಗೆ ಎಂದು ನಾನು ಮೊದಲೇ ಹೇಳಿದ್ದೆ. ಆಗ ಯಾರೂ ನಂಬಲಿಲ್ಲ. ನೀವು ಹೇಳಿದ್ದರೆ ನಂಬುತ್ತಿದ್ದರು.

ನೀವು ಸುಳ್ಳು ಹೇಳಿದಿರಿ ಎನ್ನುವುದಿಲ್ಲ. ಆ ಸಂಜೆ ಅದು ನನ್ನ ಹೆಗಲ ಮೇಲಿತ್ತು ಎಂದು ಸಾಕ್ಷಿ ಹೇಳಿದಿರಿ, ಇತ್ತು. ಅದೇ ದಿನ ಮಧ್ಯಾಹ್ನ ಊಟ ಮಾಡಿ ಕೈ ಒರೆಸಿಕೊಂಡು ಅದನ್ನೇ ನೀವು ಹೆಗಲಿಗೆ ಹಾಕಿಕೊಂಡಿದ್ದಿರಿ. ಅದನ್ನು ಯಾರೂ ಕೇಳಲಿಲ್ಲ, ನೀವೂ ಹೇಳಲಿಲ್ಲ.

ನನಗೆ ಕೆಲಸ ಬೇಡ, ದುಡ್ಡೂ ಬೇಡ. ಜೈಲಿನಲ್ಲಿ ನನ್ನದೇ ಅಂತ ಒಂದು ಬೈರಾಸು ಇತ್ತು, ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ನಿಮ್ಮ ಹೋಟೆಲಿನವರಿಗೂ ಅಷ್ಟಾದರೂ ಇರಲಿ. ಅಕ್ಕನ ಕೈಯಲ್ಲಿ ಈ ಪತ್ರದ ಜೊತೆ ಮೊಳೆಗಳನ್ನು ಕಳಿಸಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು ಹೊಡೆಸಿ, ಮೇಲೆ ಹೆಸರು ಬರೆಸಿ.

ನಿಮ್ಮದೂ ಒಂದು ಅದರಲ್ಲಿದೆ.

ಇತಿ,
ಸಂಕರ್ಷಣ