ಮೀನು ಒಣಗಿಸಿದ ಹಂಚು

ಗಂಗೊಳ್ಳಿ,
ಸೆಪ್ಟೆಂಬರ್ ೧೦, ೨೦೨೫

ಪ್ರೀತಿಯ ಅಣ್ಣಯ್ಯ,

ನಿನ್ನ ಕೆಮ್ಮು ಹೇಗಿದೆ? ಸೈಟಿನ ಧೂಳಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ ನಿಲ್ಲಬೇಡ. ಮುಂಬಯಿಯಲ್ಲಿ ಮಳೆ ನಿಂತಿತೇ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನಾಡಿದ್ದು ಶುಕ್ರವಾರ ವಂಡ್ಸೆಯಿಂದ ಪೂಜಿತಾ ಅತ್ತಿಗೆಯನ್ನೂ ಪಾಪುವನ್ನೂ ಕರೆತರುವ ಸಂಭ್ರಮ ಅವಳಿಗೆ. ತೊಟ್ಟಿಲು ತೊಳೆದಾಗಿದೆ, ಸ್ಲ್ಯಾಬಿನ ಕೊಕ್ಕೆಗೆ ಕಟ್ಟುವುದೊಂದೇ ಬಾಕಿ.

ನನಗೆ ಹೆದರಿಕೆ ಆ ಕೊಕ್ಕೆಯದ್ದೇ. ಮನೆ ಕಟ್ಟಿಸುವಾಗ ಹಳೆಯ ಮನೆಯ ಹಂಚನ್ನು ಕಾಂಕ್ರೀಟಿನೊಳಗೆ ಹುದುಗಿಸಲು ನೀನು ಹೇಳಿದ್ದೆ. ಸಿಮೆಂಟು ಉಳಿಯುತ್ತದೆ, ಕೋಣೆ ತಂಪಾಗಿರುತ್ತದೆ, ಹಳೆಯದನ್ನು ಎಸೆಯುವುದೂ ತಪ್ಪುತ್ತದೆ ಎಂದು. ತಂಪಾಗಿಯೇ ಇದೆ, ಬಂದವರೆಲ್ಲ ಹೊಗಳುತ್ತಾರೆ. ಆದರೆ ಒಳಗಿರುವುದು ಮನೆಯ ಹಂಚಲ್ಲ, ಅಣ್ಣಯ್ಯ. ಅವು ಇಳಿಸುವಾಗಲೇ ಒಡೆದವು. ಅಮ್ಮ ನಿನಗೆ ತಿಳಿಸದೆ ಅಜ್ಜಿಯ ಒಣಮೀನಿನ ಕೊಟ್ಟಿಗೆಯ ಹಂಚು ಇಳಿಸಿಕೊಟ್ಟಳು. ನಾಯಿಗಳ ಕಾಟಕ್ಕೆ ಅಜ್ಜಿ ಉಪ್ಪು ಹಾಕಿದ ಮೀನನ್ನು ಮಾಡಿನ ಮೇಲೆಯೇ ಹರವುತ್ತಿದ್ದಳಲ್ಲ? ಅಷ್ಟು ವರ್ಷ ಉಪ್ಪುನೀರು ಕುಡಿದ ಹಂಚುಗಳು ಅವು. ಮಿಕ್ಕವು ಬಾವಿಯ ಪಕ್ಕ ಇವೆ. ಬಿಸಿಲು ಬಿದ್ದಾಗ ಬಿಳಿ ಪುಡಿ ಏಳುತ್ತದೆ. ನೆಕ್ಕಿ ನೋಡಿದೆ. ಉಪ್ಪೇ.

ಈ ಮಳೆಗಾಲ ಕೊಕ್ಕೆಯ ಸುತ್ತ ಕಂದು ಕಲೆ ಬಂತು. ಆ ಉಪ್ಪಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿರಬೇಕು, ಈಗ ಸರಳು ಹಾದ ದಾರಿಯಲ್ಲೇ ಸೀಳು ಬಿಟ್ಟಿದೆ. ಪೊರಕೆಯ ಹಿಡಿಯಿಂದ ತಟ್ಟಿದರೆ ಟೊಳ್ಳು ಸದ್ದು. ಮನೆಯಿಡೀ ಅದೇ ಸ್ಲ್ಯಾಬು. ಸೆಖೆಯೆಂದು ಸುಳ್ಳು ಹೇಳಿ ನಾನು ಹೊರಗೆ ಜಗಲಿಯಲ್ಲಿ ಮಲಗುತ್ತೇನೆ. ಒಳಗೆ ಮಲಗಿದ ಅಮ್ಮನ ಕೆಮ್ಮು ಕೇಳಿದರೂ ಬೆಚ್ಚಿಬೀಳುತ್ತೇನೆ. ಅವಳಿಗೆ ತೋರಿಸಿದೆ. “ಹಂಚ್ ಹಂಚೇ ಅಲ್ದಾ? ಮಳಿಗೆ ಗ್ವಾಡಿ ಬೆವರತ್ತ್, ಎಂತ ಆತಿಲ್ಲೆ. ಓದಿ ಓದಿ ನಿಂಗೆ ಹೆದ್ರಿಕಿ ಜಾಸ್ತಿ ಆಯ್ತ್ ಮಾರಾಯ್ತಿ” ಎಂದು ನಕ್ಕಳು. ನನಗೆ ವಾದಿಸಲು ಬರುವುದಿಲ್ಲ, ನಿನಗೆ ಗೊತ್ತು. ಫೋಟೊ ಕಳಿಸಿದ್ದಕ್ಕೆ ನೀನೂ ‘ಬಣ್ಣ ಬಳಿಸು’ ಎಂದೆ. ಹಂಚಿನ ಕಥೆ ನಿನಗೆ ತಿಳಿದಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ, ಮೆಸೇಜು ಬರೆದರೆ ನೀನು ಮತ್ತೆ ಬಣ್ಣದ ಮಾತೇ ಆಡುತ್ತೀಯ. ಉದುರಿದ ಚೂರೊಂದನ್ನು ಪತ್ರದ ಜೊತೆ, ಇವತ್ತು ಮುಂಬಯಿಗೆ ಹೊರಟಿರುವ ಪಕ್ಕದ ಮನೆಯ ಶೈಲೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಸೈಟಿನ ಇಂಜಿನಿಯರಿಗೆ ತೋರಿಸಿ, ಶುಕ್ರವಾರದೊಳಗೆ ಅಮ್ಮನಿಗೆ ಹೇಳು. ನಿನ್ನ ಮಾತಾದರೆ ಕೇಳುತ್ತಾಳೆ. ನನ್ನ ಹೆದರಿಕೆ ಸುಳ್ಳಾದರೆ ಎಲ್ಲರೂ ಸೇರಿ ನಗಿ, ನನಗೇನೂ ಬೇಸರವಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ನಮಸ್ಕಾರ.

ನಿನ್ನ ತಂಗಿ,
ವಿನಯಾ

ತಾ.ಕ.: ಶೈಲೇಶ ಬಸ್ಸಿಗೆ ಹೊರಟು ನಿಂತಿದ್ದಾನೆ. ಶುಕ್ರವಾರ ದಿನ ಚೆನ್ನಾಗಿಲ್ಲವಂತೆ, ಅಮ್ಮ ನಾಳೆ ಬೆಳಿಗ್ಗೆಯೇ ಅವರನ್ನು ಕರೆತರುತ್ತಾಳೆ. ನಿನಗೆ ಫೋನ್ ಮಾಡಿದೆ, ಎತ್ತಲಿಲ್ಲ. ನಾನೀಗ ವಂಡ್ಸೆಗೆ ಹೋಗುತ್ತಿದ್ದೇನೆ. ಬಾಣಂತನ ಮುಗಿಸಿ ಹೊರಟ ಅತ್ತಿಗೆಯ ತವರಿನ ಬಾಗಿಲಲ್ಲಿ ನಿಂತು, ಅವಳ ಅಪ್ಪ ಅಮ್ಮನ ಎದುರಿಗೆ, ‘ನಮ್ಮ ಮನೆಗೆ ಬರಬೇಡ’ ಎನ್ನಬೇಕು. ಅವರು ಏನೆಂದುಕೊಂಡರೂ ನೀನು ತಪ್ಪು ತಿಳಿಯಬೇಡ.